ಹಾಕಿದ ಕಾಸಿಗೆ ಉಳಿದ ಜೀವವೆಷ್ಟು? ದೇಶಗಳ ಜೀವವೈವಿಧ್ಯ ರಕ್ಷಣೆಯ ದಕ್ಷತೆ ಅಳೆಯಲು ಸಮಗ್ರ ಮಾರ್ಗದರ್ಶಿ

2022ರ ಪರಿಸರ ಸಾಧನಾ ಸೂಚ್ಯಂಕದಲ್ಲಿ 180 ದೇಶಗಳ ಪೈಕಿ ಭಾರತಕ್ಕೆ ಕೊನೆಯ ಸ್ಥಾನ ಬಂತು. ಪತ್ರಿಕೆಗಳಲ್ಲಿ ದೊಡ್ಡ ಅಕ್ಷರದ ಸುದ್ದಿಯಾಯಿತು, ಸರ್ಕಾರ ಒಪ್ಪಲಿಲ್ಲ. ಆ ಸೂಚ್ಯಂಕ ಹೇಳುವುದು ಒಂದು ದೇಶದ ಪರಿಸರ ಎಂಥ ಸ್ಥಿತಿಯಲ್ಲಿದೆ ಎಂಬುದನ್ನು. ಎಷ್ಟು ಖರ್ಚು ಮಾಡಿ, ಎಂಥ ನೆಲದಲ್ಲಿ, ಎಷ್ಟು ಜನರ ಒತ್ತಡದ ನಡುವೆ ಆ ಸ್ಥಿತಿ ಬಂತು ಎಂಬುದನ್ನು ಅದು ಕೇಳುವುದೇ ಇಲ್ಲ. ಪಾವಗಡದ ಖುಷ್ಕಿ ಹೊಲದ ರಾಗಿಯನ್ನೂ ಕುಣಿಗಲ್ ದೊಡ್ಡಕೆರೆ ಅಚ್ಚುಕಟ್ಟಿನ ಭತ್ತವನ್ನೂ ಒಂದೇ ಕೊಳಗದಲ್ಲಿ ಅಳೆದು, ಯಾರು ಒಳ್ಳೆಯ ರೈತ ಎಂದು ತೀರ್ಪು ಕೊಟ್ಟ ಹಾಗೆ.

ದಕ್ಷತೆಯ ಲೆಕ್ಕ ಬೇರೆ. ಇದ್ದ ಹೂಡಿಕೆಗೆ, ಸಿಕ್ಕ ಹಿನ್ನೆಲೆಗೆ ಹೋಲಿಸಿದರೆ ಬಂದ ಫಲ ಎಷ್ಟು? ಇದನ್ನು ದೇಶಗಳಿಗೆ ಅಳೆಯುವ ವಿಧಾನವನ್ನು ಇಲ್ಲಿ ಹಂತಹಂತವಾಗಿ ಕೊಟ್ಟಿದ್ದೇವೆ. ಕಲಿಯಲು ಅನುಕೂಲವಾಗಲೆಂದು ಅಲ್ಲಲ್ಲಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ತಾಲೂಕುಗಳನ್ನೇ ಪುಟ್ಟ ದೇಶಗಳೆಂದು ಭಾವಿಸಿಕೊಂಡಿದ್ದೇವೆ. ಅರ್ಥಶಾಸ್ತ್ರ ಅಥವಾ ಪರಿಸರ ವಿಜ್ಞಾನದ ವಿದ್ಯಾರ್ಥಿ, ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಸದಸ್ಯ, ಯಾರು ಬೇಕಾದರೂ ಮಾಡಬಹುದು. ಎಕ್ಸೆಲ್ ಅಥವಾ ಉಚಿತವಾಗಿ ಸಿಗುವ ಲಿಬ್ರೆಆಫೀಸ್ ಇದ್ದರೆ ಸಾಕು. ಕಂಪ್ಯೂಟರಿನ ಲೆಕ್ಕ ಅರ್ಧ ಗಂಟೆಯದು. ಅಂಕಿಅಂಶ ಹೊಂದಿಸಲು ಮಾತ್ರ ವಾರಗಟ್ಟಲೆ ಬೇಕು.

ಮೊದಲ ಹೆಜ್ಜೆ: ಯಾರನ್ನು ಯಾರ ಜತೆ ಹೋಲಿಸುತ್ತೀರಿ?

ಹೋಲಿಕೆಗೆ ಕೂರಿಸುವ ದೇಶಗಳ ಸಂಖ್ಯೆ, ಹೂಡಿಕೆ ಮತ್ತು ಫಲದ ಒಟ್ಟು ಕಂಬಗಳ (ಹಾಳೆಯ ಕಾಲಂಗಳ) ಮೂರು ಪಟ್ಟಾದರೂ ಇರಬೇಕು. ಕಂಬಗಳು ಹೆಚ್ಚಿದಷ್ಟೂ ಪ್ರತಿ ದೇಶಕ್ಕೂ ತಾನು ಗೆಲ್ಲುವ ಒಂದು ಮೂಲೆ ಸಿಗುತ್ತದೆ, ಎಲ್ಲರಿಗೂ ಪೂರ್ಣ ಅಂಕ ಬಂದು ಲೆಕ್ಕ ವ್ಯರ್ಥವಾಗುತ್ತದೆ. ತುಮಕೂರು ಜಿಲ್ಲೆಯ ಹತ್ತು ತಾಲೂಕುಗಳನ್ನು ತೆಗೆದುಕೊಂಡರೆ ಒಂದು ಹೂಡಿಕೆ, ಎರಡು ಫಲ, ಅಷ್ಟೇ. ನಾಲ್ಕನೆಯ ಕಂಬಕ್ಕೆ ಜಾಗವಿಲ್ಲ. ಕೋಲಾರದ ಆರು, ಚಿಕ್ಕಬಳ್ಳಾಪುರದ ಹಳೆಯ ಆರು ತಾಲೂಕು ಸೇರಿಸಿದರೆ 22 ಆಗುತ್ತದೆ, ಏಳು ಕಂಬದವರೆಗೆ ಹೋಗಬಹುದು. ದೇಶಗಳ ಲೆಕ್ಕದಲ್ಲಿ 100ರ ಆಸುಪಾಸು ದೇಶಗಳಿಗೆ ಅಂಕಿಅಂಶ ಸಿಗುವುದರಿಂದ ಈ ತೊಂದರೆ ಕಡಿಮೆ. ಆದರೆ ಮಾರಿಷಸ್ಸಿನಂಥ ದ್ವೀಪವನ್ನೂ ರಷ್ಯಾವನ್ನೂ ಒಂದೇ ಸಾಲಿನಲ್ಲಿ ಕೂರಿಸುವ ಬೇರೆ ತೊಂದರೆ ಬರುತ್ತದೆ. ಅದನ್ನು ಮುಂದೆ ನೋಡೋಣ.

ಎರಡನೆಯ ಹೆಜ್ಜೆ: ಹೂಡಿಕೆಯ ಕಂಬ

ಖರ್ಚಿನ ಪಟ್ಟಿಯಲ್ಲಿ ಅರಣ್ಯ ಇಲಾಖೆಯ ಬಾಬ್ತು ಸುಲಭವಾಗಿ ಸಿಗುತ್ತದೆ. ಉಳಿದದ್ದು ಹತ್ತು ಕಡೆ ಚದುರಿರುತ್ತದೆ. ಪ್ರತಿ ಬಾಬ್ತಿಗೂ ಅದರ ಉದ್ದೇಶ ನೋಡಿ ಶೇಕಡಾ ಪಾಲು ಹಾಕಬೇಕು. ಯುರೋಪಿನ ಒಕ್ಕೂಟ ಬಳಸುವ ಸರಳ ಕ್ರಮ ಹೀಗಿದೆ: ಜೀವವೈವಿಧ್ಯವೇ ಮುಖ್ಯ ಉದ್ದೇಶವಾಗಿದ್ದರೆ 100, ಪಕ್ಕದ ಉದ್ದೇಶವಾಗಿದ್ದರೆ 40, ಸಂಬಂಧವಿಲ್ಲದಿದ್ದರೆ 0. ಶಿರಾ ತಾಲೂಕಿನ ಬುಕ್ಕಾಪಟ್ಟಣ ಚಿಂಕಾರ ಅಭಯಾರಣ್ಯದಲ್ಲಿ ಬೆಂಕಿರೇಖೆ ತೆಗೆದರೆ ಪೂರ್ತಿ ಖರ್ಚು ಸೇರಿಸಿ. ಉದ್ಯೋಗ ಖಾತ್ರಿಯಲ್ಲಿ 20 ಲಕ್ಷ ರೂಪಾಯಿಗೆ ಕೆರೆ ಹೂಳೆತ್ತಿ, ಏರಿಯ ಬದಿಗೆ ಹೊಂಗೆ, ನೇರಳೆ ನೆಟ್ಟಿದ್ದರೆ 8 ಲಕ್ಷ ಬರೆದುಕೊಳ್ಳಿ. ತೆಂಗಿನ ಸಸಿ ಹಂಚಿದ್ದಕ್ಕೆ ಸೊನ್ನೆ.

ಸಂಬಳ, ವಾಹನ, ಕಚೇರಿ ವೆಚ್ಚ ಬಿಡಬೇಡಿ. ಒಂದು ತಾಲೂಕಿನದ್ದು ಸೇರಿಸಿ ಇನ್ನೊಂದರದ್ದು ಬಿಟ್ಟರೆ ಇಡೀ ಲೆಕ್ಕ ವಾಲುತ್ತದೆ. ತಾಲೂಕುವಾರು ವಿವರ ಪ್ರಕಟವಾಗಿರದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಉತ್ತರಕ್ಕೆ 30 ದಿನದ ಗಡುವು ಇರುತ್ತದೆ. ಅರ್ಜಿಯಲ್ಲಿ ‘ಬಿಡುಗಡೆಯಾದ ಹಣ’ ಕೇಳಬೇಡಿ, ‘ವೆಚ್ಚವಾದ ಹಣ’ ಎಂದೇ ಬರೆಯಿರಿ. ಎರಡರ ನಡುವಿನ ಅಂತರದಲ್ಲಿ ಎಷ್ಟೋ ಸಲ ಇಡೀ ಫಲಿತಾಂಶ ಅಡಗಿರುತ್ತದೆ.

ದೇಶಗಳಿಗಾದರೆ ಇನ್ನೊಂದು ಕೆಲಸ ಉಂಟು. ಮೊದಲು ಆಯಾ ದೇಶದ ನಾಣ್ಯದಲ್ಲೇ ಹಣದುಬ್ಬರ ಕಳೆದು ಎಲ್ಲ ವರ್ಷಗಳನ್ನೂ ಒಂದೇ ವರ್ಷದ ಬೆಲೆಗೆ ತನ್ನಿ. ಆಮೇಲೆ ಆ ಒಂದು ವರ್ಷದ ಕೊಳ್ಳುವ ಶಕ್ತಿಯ ದರದಲ್ಲಿ (ಪಿಪಿಪಿ, ಅಂದರೆ ಅದೇ ಸಾಮಾನಿಗೆ ಎರಡು ದೇಶಗಳಲ್ಲಿ ಬೀಳುವ ಬೆಲೆ ಹೋಲಿಸಿ ಕಟ್ಟಿದ ದರ) ಡಾಲರಿಗೆ ಬದಲಿಸಿ. ಕ್ರಮ ತಿರುಗಿಸಿ ಪ್ರತಿ ವರ್ಷದ ಮಾರುಕಟ್ಟೆ ವಿನಿಮಯ ದರ ಹಾಕಿದರೆ, ರೂಪಾಯಿ ಕುಸಿದ ವರ್ಷ ಭಾರತ ಕಾಡಿಗೆ ಖರ್ಚನ್ನೇ ಕಡಿಮೆ ಮಾಡಿತು ಎಂಬ ಸುಳ್ಳು ಚಿತ್ರ ಮೂಡುತ್ತದೆ. ಅರಣ್ಯ ವೀಕ್ಷಕರ ಸಂಬಳ ಸ್ಥಳೀಯ ಬೆಲೆಯದ್ದಾದ್ದರಿಂದ ಕೊಳ್ಳುವ ಶಕ್ತಿಯ ದರವೇ ಸರಿ.

ಯಾರ ಬಜೆಟ್ಟಿನಲ್ಲೂ ಕಾಣದ ಖರ್ಚೂ ಇದೆ. ಶಿರಾ ಬಳಿಯ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳ ಮೇಲೆ ಗೂಡು ಕಟ್ಟುತ್ತವೆ. ಗೂಡಿರುವ ಮರದ ಹುಣಸೆ ಬಡಿಯದೆ ಬಿಟ್ಟರೆ ಆ ಫಸಲಿನ ಬೆಲೆಯೂ ರಕ್ಷಣೆಗೆ ಹೂಡಿದ ಬಂಡವಾಳವೇ. ಮಧುಗಿರಿ ತಾಲೂಕಿನ ಮೈದನಹಳ್ಳಿ ಸುತ್ತ ಕೃಷ್ಣಮೃಗ ಮೇಯ್ದ ಹೊಲದ ನಷ್ಟವೂ ಹಾಗೆಯೇ. ಇದನ್ನು ಸೇರಿಸದಿದ್ದರೆ, ಜನರ ಹೆಗಲ ಮೇಲೆ ಭಾರ ಹೊರಿಸಿದ ಸರ್ಕಾರವೇ ಅತಿ ದಕ್ಷ ಎನಿಸಿಕೊಳ್ಳುತ್ತದೆ. ಅಂದಾಜು ಮಾಡಲು ಸಾಧ್ಯವಿದ್ದರೆ ಇದಕ್ಕೆ ಬೇರೆ ಕಂಬ ಇಡಿ. ಸಾಧ್ಯವಿಲ್ಲದಿದ್ದರೆ ವರದಿಯ ಮೊದಲ ಪುಟದಲ್ಲೇ ಆ ಮಾತು ಬರೆಯಿರಿ.

ಮೂರನೆಯ ಹೆಜ್ಜೆ: ಫಲದ ಕಂಬ, ಹೆಚ್ಚಿನವರು ಎಡವುವ ಜಾಗ

ಸುಲಭಕ್ಕೆ ಸಿಗುವ ಅಳತೆ ಎಂದರೆ ಸಂರಕ್ಷಿತ ಪ್ರದೇಶದ ವಿಸ್ತೀರ್ಣ. 2022ರ ಡಿಸೆಂಬರಿನಲ್ಲಿ ಒಪ್ಪಿತವಾದ ಕುನ್ಮಿಂಗ್–ಮಾಂಟ್ರಿಯಲ್ ಚೌಕಟ್ಟು 2030ರೊಳಗೆ ಶೇ 30ರಷ್ಟು ನೆಲ–ಜಲ ಸಂರಕ್ಷಿತವಾಗಬೇಕು ಎಂದ ಮೇಲಂತೂ ಎಲ್ಲರೂ ಅದನ್ನೇ ಎಣಿಸುತ್ತಾರೆ. ಇದನ್ನು ಫಲ ಎಂದು ಬರೆಯಬೇಡಿ. ಗಡಿಕಲ್ಲು ನೆಟ್ಟದ್ದು ಹೂಡಿಕೆ, ಗಡಿಯೊಳಗೆ ಜೀವ ಉಳಿದದ್ದು ಫಲ. 2007ರಲ್ಲಿ ಘೋಷಣೆಯಾದ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು 798 ಎಕರೆ, ಅಂದರೆ 3.23 ಚದರ ಕಿಲೋಮೀಟರ್. 2019ರ ಬುಕ್ಕಾಪಟ್ಟಣ ಅಭಯಾರಣ್ಯ ಸುಮಾರು 136. ವಿಸ್ತೀರ್ಣವನ್ನೇ ಫಲವೆಂದರೆ ಎರಡನೆಯದು ಮೊದಲನೆಯದರ 42 ಪಟ್ಟು ಒಳ್ಳೆಯ ಕೆಲಸ ಎಂದಾಗುತ್ತದೆ. ಒಂದು ಮೃಗವನ್ನೂ ಎಣಿಸದೆ ಹುಟ್ಟಿದ ತೀರ್ಪು ಅದು.

ಹಸಿರು ಹೊದಿಕೆ ಇದಕ್ಕಿಂತ ಅಪಾಯದ ಅಳತೆ. ದೇಶದ ಅರಣ್ಯ ಸಮೀಕ್ಷೆಯ ಪ್ರಕಾರ ಒಂದು ಹೆಕ್ಟೇರಿಗಿಂತ ಹೆಚ್ಚಿನ ಜಾಗದಲ್ಲಿ ಮರದ ನೆತ್ತಿ ಶೇ 10 ಮುಚ್ಚಿದ್ದರೆ ಅದು ಅರಣ್ಯ ಹೊದಿಕೆ. ಜಾಗ ಯಾರದು, ಮರ ಯಾವುದು ಎಂಬ ಪ್ರಶ್ನೆಯಿಲ್ಲ. ಹೀಗಾಗಿ ತಿಪಟೂರಿನ ತೆಂಗಿನ ತೋಟ, ಕೋಲಾರದ ನೀಲಗಿರಿ ತೋಪು, ದೇವರಾಯನದುರ್ಗದ ಕಾಡು ಒಂದೇ ಲೆಕ್ಕಕ್ಕೆ ಬರಬಹುದು. ತಿರುಗಾಮುರುಗಾ ತೊಂದರೆಯೂ ಇದೆ. ಮೈದನಹಳ್ಳಿಯದು ಹುಲ್ಲುಗಾವಲು, ಕೃಷ್ಣಮೃಗಕ್ಕೆ ಬೇಕಾದದ್ದು ಬಯಲು. ಅಲ್ಲಿ ದಟ್ಟವಾಗಿ ಗಿಡ ನೆಟ್ಟರೆ ಉಪಗ್ರಹದ ಚಿತ್ರದಲ್ಲಿ ಹಸಿರು ಏರುತ್ತದೆ, ಮೃಗದ ನೆಲೆ ಇಲ್ಲವಾಗುತ್ತದೆ. ದಕ್ಷತೆಯ ಅಂಕ ಮಾತ್ರ ಮೇಲೇರುತ್ತದೆ! ಹುಲ್ಲುಗಾವಲು, ಕುರುಚಲು ಕಾಡು, ಬಂಡೆಗುಡ್ಡ ಇರುವ ನಮ್ಮ ಕಡೆ ‘ಮೂಲ ನೆಲೆ ಎಷ್ಟು ಹಾಗೆಯೇ ಉಳಿಯಿತು’ ಎಂದು ನೆಲೆವಾರು ಅಳೆಯುವುದೇ ಸರಿಯಾದ ದಾರಿ.

ದೇಶಗಳ ಮಟ್ಟದಲ್ಲಿ ನಂಬಬಹುದಾದ ಅಳತೆ ಕೆಂಪು ಪಟ್ಟಿ ಸೂಚ್ಯಂಕ. ಯಾವ ಪ್ರಭೇದ ಅಳಿವಿಗೆ ಎಷ್ಟು ಹತ್ತಿರವಿದೆ ಎಂದು ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ದರ್ಜೆ ಕೊಡುವ ಪಟ್ಟಿಯೇ ಕೆಂಪು ಪಟ್ಟಿ. ಕೈಯಲ್ಲೇ ಲೆಕ್ಕ ಹಾಕಬಹುದು. ಪ್ರತಿ ಪ್ರಭೇದಕ್ಕೂ ಅದರ ಅಪಾಯದ ದರ್ಜೆಗೆ ತಕ್ಕ ಅಂಕ ಕೊಡಿ: ಅಪಾಯವಿಲ್ಲದ್ದಕ್ಕೆ 0, ಅಪಾಯದ ಹತ್ತಿರವಿರುವುದಕ್ಕೆ 1, ದುರ್ಬಲ ಸ್ಥಿತಿಗೆ 2, ಅಪಾಯದಲ್ಲಿರುವುದಕ್ಕೆ 3, ತೀವ್ರ ಅಪಾಯಕ್ಕೆ 4, ಅಳಿದುಹೋಗಿದ್ದರೆ 5. ಎಲ್ಲ ಕೂಡಿಸಿ, ‘ಪ್ರಭೇದಗಳ ಸಂಖ್ಯೆ ಗುಣಿಸು 5’ರಿಂದ ಭಾಗಿಸಿ, 1ರಿಂದ ಕಳೆಯಿರಿ. ಹತ್ತು ಪ್ರಭೇದಗಳಲ್ಲಿ ಐದಕ್ಕೆ 0, ಎರಡಕ್ಕೆ 1, ಮಿಕ್ಕ ಮೂರಕ್ಕೆ ಕ್ರಮವಾಗಿ 2, 3, 4 ಬಂದರೆ ಮೊತ್ತ 11. ಹನ್ನೊಂದನ್ನು 50ರಿಂದ ಭಾಗಿಸಿದರೆ 0.22, ಸೂಚ್ಯಂಕ 0.78. ಮುಂದಿನ ಮೌಲ್ಯಮಾಪನದಲ್ಲಿ ದುರ್ಬಲ ಸ್ಥಿತಿಯ ಒಂದು ಪ್ರಭೇದ ಒಂದು ದರ್ಜೆ ಚೇತರಿಸಿಕೊಂಡರೆ 0.80.

ದೇಶವಾರು ಸೂಚ್ಯಂಕಕ್ಕೆ ಪ್ರತಿ ಅಂಕವನ್ನೂ ಆ ಪ್ರಭೇದದ ನೆಲೆಯಲ್ಲಿ ದೇಶದ ಪಾಲೆಷ್ಟೋ ಅದರಿಂದ ಗುಣಿಸಬೇಕು. ಭಾಗಿಸುವಾಗಲೂ ಪ್ರಭೇದಗಳ ಸಂಖ್ಯೆಯ ಬದಲು ಆ ಪಾಲುಗಳ ಮೊತ್ತವನ್ನೇ ಬಳಸಬೇಕು. ಇದು ಏಕೆ ಮುಖ್ಯ ಎಂಬುದಕ್ಕೆ ಕೋಲಾರದ ಒಂದು ಬಾವಲಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 1994ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ಕೋಲಾರದ ಎಲೆಮೂಗಿನ ಬಾವಲಿಗೆ ಈಗ ಗೊತ್ತಿರುವ ನೆಲೆ ಇಡೀ ಜಗತ್ತಿನಲ್ಲಿ ಒಂದೇ, ಮುಳಬಾಗಿಲು ತಾಲೂಕಿನ ಹನುಮನಹಳ್ಳಿಯ ಗುಹೆ. ಅದು ತೀವ್ರ ಅಪಾಯದ ಪಟ್ಟಿಯಲ್ಲಿದೆ. ಭಾರತದ ಪಾಲು ಪೂರ್ತಿ 1, ಆದ್ದರಿಂದ ಸೇರುವ ಅಂಕ 4. ಅಷ್ಟೇ ಅಪಾಯದಲ್ಲಿರುವ, ಆದರೆ ನೆಲೆಯ ಶೇ 2 ಮಾತ್ರ ನಮ್ಮಲ್ಲಿರುವ ಪ್ರಭೇದಕ್ಕೆ ಸೇರುವುದು 0.08. ಒಂದು ಗುಡ್ಡದ ಕಲ್ಲು ಗಣಿಗಾರಿಕೆ ನಿಂತರೆ ಇಡೀ ದೇಶದ ಅಂಕ ಅಲುಗುವುದು ಹೀಗೆ.

ಇಲ್ಲಿ ಮೂರು ಎಚ್ಚರಿಕೆ. ದರ್ಜೆ ಬದಲಾದದ್ದೆಲ್ಲ ನಿಜವಾದ ಬದಲಾವಣೆಯಲ್ಲ. ಹೊಸ ಮಾಹಿತಿ ಸಿಕ್ಕಿತು, ಒಂದು ಪ್ರಭೇದವನ್ನು ಎರಡಾಗಿ ಒಡೆದರು ಎಂಬ ಕಾರಣಕ್ಕೂ ದರ್ಜೆ ಬದಲಾಗುತ್ತದೆ. ಕೆಂಪು ಪಟ್ಟಿಯೇ ಇವನ್ನು ಬೇರ್ಪಡಿಸಿ ಗುರುತಿಸುತ್ತದೆ, ನಿಜವಾದವನ್ನಷ್ಟೇ ತೆಗೆದುಕೊಳ್ಳಿ. ಎರಡನೆಯದು, ಪ್ರಭೇದಗಳನ್ನು ವರ್ಷವರ್ಷ ಮೌಲ್ಯಮಾಪನ ಮಾಡುವುದಿಲ್ಲ. ಸಸ್ತನಿಗಳಿಗೆ 1996 ಮತ್ತು 2008ರ ನಡುವೆ ಹನ್ನೆರಡು ವರ್ಷದ ಅಂತರವಿದೆ, ಹಾಗಾಗಿ ವಾರ್ಷಿಕ ದಕ್ಷತೆ ಎಂಬುದೇ ಅರ್ಥವಿಲ್ಲದ ಮಾತು. ಮೂರನೆಯದು ಅವಧಿ. ಇಂದು ಹೂಡಿದ ಹಣದ ಫಲ ನಾಳೆ ಕಾಣದು, ಖರ್ಚಿನ ವರ್ಷಗಳನ್ನು ಫಲದ ವರ್ಷಗಳಿಗಿಂತ ನಾಲ್ಕೈದು ವರ್ಷ ಹಿಂದಕ್ಕೆ ಹಿಡಿಯಿರಿ.

ತಾಲೂಕಿನ ಮಟ್ಟದಲ್ಲಿ ಕೆಂಪು ಪಟ್ಟಿ ಸೂಚ್ಯಂಕ ಕೆಲಸ ಮಾಡುವುದಿಲ್ಲ, ದರ್ಜೆಗಳು ಜಾಗತಿಕ ಸ್ಥಿತಿಯನ್ನು ಹೇಳುತ್ತವೆಯೇ ಹೊರತು ತಾಲೂಕಿನದ್ದನ್ನಲ್ಲ. ಬದಲಿಗೆ ಹಕ್ಕಿವೀಕ್ಷಕರು ತಾವು ಕಂಡ ಹಕ್ಕಿಗಳನ್ನು ದಾಖಲಿಸುವ ಇಬರ್ಡ್ ಜಾಲತಾಣದ ಪಟ್ಟಿಗಳನ್ನು ಬಳಸಿ. ಹಕ್ಕಿಗಳ ತಲೆ ಎಣಿಸಬೇಡಿ, ಪೂರ್ಣ ಪಟ್ಟಿಗಳಲ್ಲಿ (ಗುರುತಿಸಿದ ಹಕ್ಕಿಗಳನ್ನೆಲ್ಲ ಬರೆದ ಪಟ್ಟಿಗಳಲ್ಲಿ) ಎಷ್ಟು ಶೇಕಡಾದಲ್ಲಿ ಆ ಹಕ್ಕಿ ದಾಖಲಾಗಿದೆ ಎಂದು ನೋಡಿ. ಬೆಂಗಳೂರಿನಿಂದ ವಾರಾಂತ್ಯಕ್ಕೆ ನಂದಿಬೆಟ್ಟಕ್ಕೆ ಹೋಗುವ ಹಕ್ಕಿಪ್ರಿಯರು ನೂರಾರು, ಪಾವಗಡಕ್ಕೆ ಹೋಗುವವರು ಬೆರಳೆಣಿಕೆ. ತಲೆ ಎಣಿಸಿದರೆ ನೀವು ಅಳೆಯುವುದು ಹಕ್ಕಿಯನ್ನಲ್ಲ, ಪ್ರವಾಸಿಗರನ್ನು. ಅವಧಿಗೆ ನೂರು ಪೂರ್ಣ ಪಟ್ಟಿಯೂ ಸಿಗದ ತಾಲೂಕನ್ನು ಹೋಲಿಕೆಯಿಂದ ಬಿಡುವುದು ಕ್ಷೇಮ.

ನಾಲ್ಕನೆಯ ಹೆಜ್ಜೆ: ಹಿನ್ನೆಲೆ ಕಳೆಯುವುದು

ಯಾರೂ ಏನೂ ಖರ್ಚು ಮಾಡದಿದ್ದರೆ ಏನಾಗುತ್ತಿತ್ತು? ಈ ಪ್ರಶ್ನೆಯಿಲ್ಲದೆ ದಕ್ಷತೆಯ ಮಾತಿಲ್ಲ. 2017ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 109 ದೇಶಗಳನ್ನು ಹೀಗೆ ನೋಡಿತು. 1996ರಿಂದ 2008ರ ಅವಧಿಯ ನಷ್ಟವನ್ನು ಸಂರಕ್ಷಣಾ ವೆಚ್ಚ, ಕೃಷಿ ವಿಸ್ತರಣೆ, ಆರ್ಥಿಕ ಬೆಳವಣಿಗೆ, ಜನಸಂಖ್ಯೆ ಎಲ್ಲಕ್ಕೂ ಒಟ್ಟಿಗೆ ಜೋಡಿಸಿ, ಖರ್ಚಿನಿಂದ ಪ್ರತಿ ದೇಶದ ನಷ್ಟ ಮಧ್ಯಮ ಲೆಕ್ಕದಲ್ಲಿ ಶೇ 29ರಷ್ಟು ತಗ್ಗಿತು ಎಂದು ಕಂಡುಕೊಂಡಿತು. ಆ ಅವಧಿಯಲ್ಲಿ ಸ್ಥಿತಿ ಸುಧಾರಿಸಿದ ಏಳು ದೇಶಗಳಲ್ಲಿ ಮಾರಿಷಸ್, ಸೆಶೆಲ್ಸ್, ಫಿಜಿ ಇದ್ದವು. ಅತಿ ಹೆಚ್ಚು ನಷ್ಟವಾದ ಏಳರಲ್ಲಿ ಇಂಡೊನೇಷ್ಯಾ, ಚೀನಾ, ಆಸ್ಟ್ರೇಲಿಯಾ ಜತೆಗೆ ಭಾರತವೂ ಇತ್ತು.

ನೀವು ಮಾಡಬೇಕಾದದ್ದು: ಜನಸಾಂದ್ರತೆ, ಕೃಷಿಭೂಮಿಯ ಬೆಳವಣಿಗೆ, ತಲಾ ಆದಾಯ ಇಷ್ಟನ್ನು ಇಟ್ಟುಕೊಂಡು ಸಾಮಾನ್ಯ ರಿಗ್ರೆಶನ್ನಿನಲ್ಲಿ (ಕೆಲವು ಅಂಶಗಳಿಂದ ಇನ್ನೊಂದನ್ನು ಅಂದಾಜಿಸುವ ಲೆಕ್ಕದಲ್ಲಿ) ಪ್ರತಿ ದೇಶಕ್ಕೂ ನಿರೀಕ್ಷಿತ ಬದಲಾವಣೆ ತೆಗೆಯಿರಿ. ನಿಜವಾದ ಬದಲಾವಣೆಯಿಂದ ನಿರೀಕ್ಷಿತವನ್ನು ಕಳೆಯಿರಿ. ಉಳಿದದ್ದೇ ನಿಮ್ಮ ಫಲದ ಕಂಬ. ಸಂರಕ್ಷಣೆಯ ಖರ್ಚನ್ನು ಈ ರಿಗ್ರೆಶನ್ನಿಗೆ ಸೇರಿಸಬೇಡಿ, ಸೇರಿಸಿದರೆ ಅಳೆಯಬೇಕಾದ ಫಲವನ್ನೇ ಕಳೆದಂತಾಗುತ್ತದೆ.

ಕೋಲಾರದಲ್ಲಿ ಈ ಪಾಠ ಕಣ್ಣೆದುರಿಗಿದೆ. 2018ರಿಂದ ಕೆಸಿ ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿತ ನೀರು ಒಣಗಿದ್ದ ಕೆರೆಗಳಿಗೆ ಬಂತು. ನೀರು ಬಂದ ಕೆರೆಯಲ್ಲಿ ನೀರುಹಕ್ಕಿ ಹೆಚ್ಚಿದರೆ ಆ ಶ್ರೇಯವನ್ನು ಜೀವವೈವಿಧ್ಯದ ಖರ್ಚಿಗೆ ಬರೆಯುವಂತಿಲ್ಲ. ನೀರು ತುಂಬಿದ ಕೆರೆಗಳ ಪಾಲನ್ನು ಹಿನ್ನೆಲೆಯ ಅಂಶವಾಗಿ ಸೇರಿಸಿ. ಮಳೆಗಾಲವೂ ಹಾಗೆಯೇ. ಕೋಡಿ ಬಿದ್ದ ವರ್ಷವನ್ನೂ ಬರದ ವರ್ಷವನ್ನೂ ನೇರ ಹೋಲಿಸದೆ ಮೂರು ವರ್ಷದ ಸರಾಸರಿ ಹಿಡಿಯಿರಿ.

ಐದನೆಯ ಹೆಜ್ಜೆ: ಲೆಕ್ಕ

1978ರಲ್ಲಿ ಚಾರ್ನ್ಸ್, ಕೂಪರ್ ಮತ್ತು ರೋಡ್ಸ್ ರೂಪಿಸಿದ ಡೇಟಾ ಎನ್ವಲಪ್‌ಮೆಂಟ್ ಅನಾಲಿಸಿಸ್, ಚುಟುಕಾಗಿ ಡಿಇಎ, ಈ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿದೆ. ಯಾರ ಸಾಧನೆಯನ್ನೂ ಯಾವ ಆದರ್ಶಕ್ಕೂ ಹೋಲಿಸದೆ, ಇರುವವರಲ್ಲೇ ಚೆನ್ನಾಗಿ ಮಾಡಿದವರನ್ನು ಜೋಡಿಸಿ ಒಂದು ಅಂಚುಗೆರೆ ಎಳೆದು, ಉಳಿದವರು ಅದರಿಂದ ಎಷ್ಟು ದೂರ ಎಂದು ನೋಡುತ್ತದೆ.

ಕಲ್ಪಿತ ನಾಲ್ಕು ದೇಶಗಳನ್ನು ತೆಗೆದುಕೊಳ್ಳಿ. ಮೊದಲ ಅಂಕಿ ಖರ್ಚು, ಉಳಿದೆರಡು ಫಲ: ನೆಲೆ ಉಳಿಸಿದ್ದು, ಪ್ರಭೇದ ಉಳಿಸಿದ್ದು.

ದೇಶ ‘ಕ’: 10, 40, 20
ದೇಶ ‘ಖ’: 20, 60, 80
ದೇಶ ‘ಗ’: 40, 80, 100
ದೇಶ ‘ಘ’: 8, 8, 36

ಬರೀ ಭಾಗಾಕಾರ ಮಾಡಿದರೆ ನೆಲೆಯಲ್ಲಿ ‘ಕ’ ಮೊದಲು, ಪ್ರಭೇದದಲ್ಲಿ ‘ಘ’ ಮೊದಲು. ಎರಡನ್ನೂ ಹದವಾಗಿ ಮಾಡಿದ ‘ಖ’ಗೆ ಎಲ್ಲೂ ಮೊದಲ ಸ್ಥಾನವಿಲ್ಲ. ಡಿಇಎ ಮೂರನ್ನೂ ಅಂಚುಗೆರೆಯ ಮೇಲೆ ಕೂರಿಸಿ ಪೂರ್ಣ ಅಂಕ 1 ಕೊಡುತ್ತದೆ.

ಈಗ ‘ಗ’ದ ಅಂಕ. ನಾಲ್ಕು ದೇಶಗಳ ಎದುರು ‘ತೂಕ’ ಎಂಬ ಖಾಲಿ ಕಂಬ ಇಡಿ. ಬೇರೆ ಒಂದು ಚೌಕದಲ್ಲಿ (ಸೆಲ್‌ನಲ್ಲಿ) 1 ಹಾಕಿ, ಪಕ್ಕದಲ್ಲಿ ‘ಅಂಕ’ ಎಂದು ಬರೆಯಿರಿ. ತೂಕ ಮತ್ತು ಖರ್ಚಿನ ಗುಣಲಬ್ಧಗಳ ಮೊತ್ತ, ತೂಕ ಮತ್ತು ಪ್ರತಿ ಫಲದ ಗುಣಲಬ್ಧಗಳ ಮೊತ್ತ, ಹೀಗೆ ಮೂರು ಚೌಕಗಳನ್ನು ಸಮ್‌ಪ್ರಾಡಕ್ಟ್ ಸೂತ್ರದಿಂದ ಮಾಡಿ. ಷರತ್ತುಗಳೊಳಗೆ ಉತ್ತಮ ಉತ್ತರ ಹುಡುಕುವ ಸಾಲ್ವರ್ ಎಂಬ ಸಾಧನ ತೆರೆದು ‘ಅಂಕ’ವನ್ನು ಕನಿಷ್ಠಗೊಳಿಸಲು ಹೇಳಿ. ಬದಲಾಗುವ ಚೌಕಗಳು ‘ಅಂಕ’ ಮತ್ತು ನಾಲ್ಕೂ ತೂಕ. ಷರತ್ತುಗಳು: ತೂಗಿದ ಖರ್ಚು ‘ಅಂಕ ಗುಣಿಸು 40’ನ್ನು ಮೀರಬಾರದು, ತೂಗಿದ ಮೊದಲ ಫಲ 80ಕ್ಕೆ, ಎರಡನೆಯದು 100ಕ್ಕೆ ಕಡಿಮೆಯಾಗಬಾರದು, ತೂಕಗಳು ಸೊನ್ನೆಗಿಂತ ಕೆಳಗಿಳಿಯಬಾರದು. ಎಕ್ಸೆಲ್ಲಿನಲ್ಲಿ ಸಿಂಪ್ಲೆಕ್ಸ್ ಎಲ್‌ಪಿ ಆರಿಸಿ, ಲಿಬ್ರೆಆಫೀಸಿನಲ್ಲಿ ಲೀನಿಯರ್ ಸಾಲ್ವರ್.

ಉತ್ತರ 0.65. ‘ಕ’ದ ತೂಕ 0.2, ‘ಖ’ದ ತೂಕ 1.2. ಕೈಯಲ್ಲಿ ತಾಳೆ ನೋಡಿ: ಖರ್ಚು 2 ಕೂಡಿಸು 24, ಅಂದರೆ 26, ಫಲ 8 ಕೂಡಿಸು 72, ಅಂದರೆ 80, 4 ಕೂಡಿಸು 96, ಅಂದರೆ 100. ‘ಗ’ 40 ಸುರಿದು ಮಾಡಿದ್ದನ್ನು ‘ಕ’ ಮತ್ತು ‘ಖ’ಗಳ ರೀತಿಯಲ್ಲಿ 26ಕ್ಕೇ ಮಾಡಬಹುದಿತ್ತು. ಅಂಕಕ್ಕಿಂತ ಈ ತೂಕಗಳೇ ಉಪಯುಕ್ತ, ಯಾರಿಂದ ಕಲಿಯಬೇಕು ಎಂದು ಅವು ಹೇಳುತ್ತವೆ. ದೇಶದಿಂದ ದೇಶಕ್ಕೆ ಷರತ್ತುಗಳಲ್ಲಿನ 40, 80, 100ರ ಜಾಗದಲ್ಲಿ ಆಯಾ ದೇಶದ ಅಂಕಿಗಳನ್ನು ಹಾಕುತ್ತ ಹೋಗಿ. ನೂರು ದೇಶಗಳಿದ್ದರೆ ಕೈ ಸೋಲುತ್ತದೆ, ಆರ್ ತಂತ್ರಾಂಶದ ‘ಬೆಂಚ್‌ಮಾರ್ಕಿಂಗ್’ ಪ್ಯಾಕೇಜು ಒಂದೇ ಸಾಲಿನಲ್ಲಿ ಮಾಡಿಕೊಡುತ್ತದೆ.

ಮೇಲಿನ ಲೆಕ್ಕ ಹೂಡಿಕೆ ಇಮ್ಮಡಿಯಾದರೆ ಫಲವೂ ಇಮ್ಮಡಿ ಎಂದು ನಂಬುತ್ತದೆ. ಕೆಂಪು ಪಟ್ಟಿ ಸೂಚ್ಯಂಕ 1ನ್ನು ದಾಟಲಾರದು, ಆದ್ದರಿಂದ ಅದಕ್ಕೂ ಶೇಕಡಾ ಅಳತೆಗಳಿಗೂ ಈ ನಂಬಿಕೆ ಒಗ್ಗದು. ಆಗ ‘ತೂಕಗಳ ಮೊತ್ತ 1’ ಎಂಬ ಷರತ್ತನ್ನೂ ಸೇರಿಸಬೇಕು. ಸೇರಿಸಿ ನೋಡಿ, ‘ಗ’ದ ಅಂಕ 0.65ರಿಂದ 1ಕ್ಕೆ ಜಿಗಿಯುತ್ತದೆ! ಅದು ದಕ್ಷವಾಯಿತೆಂದಲ್ಲ, ಅಷ್ಟು ದೊಡ್ಡ ಫಲಕ್ಕೆ ಸಾಟಿಯಾಗುವವರು ಯಾರೂ ಇಲ್ಲವಾದರು. ಈ ಮಾದರಿಯಲ್ಲಿ ಅತಿ ದೊಡ್ಡವರಿಗೂ ಅತಿ ಚಿಕ್ಕವರಿಗೂ ಪುಕ್ಕಟೆ ಪೂರ್ಣ ಅಂಕ ಸಿಗುತ್ತದೆ. ಮಾರಿಷಸ್–ರಷ್ಯಾ ತೊಂದರೆ ಎಂದದ್ದು ಇದನ್ನೇ. ದೇಶಗಳನ್ನು ಗಾತ್ರ ಮತ್ತು ಹವಾಮಾನದ ಮೇಲೆ ಗುಂಪು ಮಾಡಿ, ಗುಂಪಿನೊಳಗೇ ಲೆಕ್ಕ ಹಾಕುವುದು ಇದಕ್ಕೆ ಪರಿಹಾರ.

ನಾಲ್ಕನೆಯ ಹೆಜ್ಜೆಯ ಫಲ ಹಲವು ದೇಶಗಳಿಗೆ ಋಣ ಸಂಖ್ಯೆಯಾಗಿ ಬರುತ್ತದೆ, ಡಿಇಎಗೆ ಧನ ಸಂಖ್ಯೆ ಬೇಕು. ಮೊತ್ತ 1ರ ಷರತ್ತಿನೊಂದಿಗೆ ಹೂಡಿಕೆ ಕಡಿಮೆ ಮಾಡುವ ಮಾದರಿ ಬಳಸುತ್ತಿದ್ದರೆ ಫಲದ ಕಂಬಕ್ಕೆಲ್ಲ ಒಂದೇ ಸಂಖ್ಯೆ ಕೂಡಿಸಿ ಮೇಲೆತ್ತಬಹುದು, ಅಂಕ ಬದಲಾಗುವುದಿಲ್ಲ. ಆ ಷರತ್ತಿಲ್ಲದ ಮಾದರಿಯಲ್ಲಿ ಹಾಗೆ ಮಾಡಿದರೆ ಲೆಕ್ಕ ಕೆಡುತ್ತದೆ. ಸಾಲ್ವರ್ ‘ಪರಿಹಾರವಿಲ್ಲ’ ಎಂದರೆ ಹೆಚ್ಚಾಗಿ ಕೋಟಿಯ ಅಂಕಿಗಳೂ 0.78ರಂಥ ಅಂಕಿಗಳೂ ಪಕ್ಕಪಕ್ಕ ಇರುವುದೇ ಕಾರಣ. ಪ್ರತಿ ಕಂಬವನ್ನೂ ಅದರ ಸರಾಸರಿಯಿಂದ ಭಾಗಿಸಿ ಮತ್ತೆ ಓಡಿಸಿ.

ಆರನೆಯ ಹೆಜ್ಜೆ: ಅಲುಗಾಡಿಸಿ ನೋಡುವುದು

ಒಂದೊಂದೇ ದೇಶವನ್ನು ತೆಗೆದು ಉಳಿದವರ ಅಂಕ ಮತ್ತೆ ಹಾಕಿ. ಒಬ್ಬರನ್ನು ತೆಗೆದ ಕೂಡಲೇ ಹತ್ತು ಜನರ ಅಂಕ ಏರಿದರೆ ಆ ಒಬ್ಬರ ಅಂಕಿಅಂಶವನ್ನು ಮೂಲದಾಖಲೆಗೆ ಹೋಗಿ ಪರೀಕ್ಷಿಸಿ. ಖರ್ಚಿನಲ್ಲಿ ಒಂದು ಸೊನ್ನೆ ಬಿಟ್ಟುಹೋಗಿರುವ ಸಾಧ್ಯತೆ ಹೆಚ್ಚು. ಶೇ 40ರ ಪಾಲನ್ನು 20 ಮತ್ತು 60 ಮಾಡಿಯೂ ನೋಡಿ. ಅಂಕಗಳ ಅನಿಶ್ಚಿತತೆಗೆ ಸಿಮಾರ್ ಮತ್ತು ವಿಲ್ಸನ್ 1998ರಲ್ಲಿ ಕೊಟ್ಟ ಬೂಟ್‌ಸ್ಟ್ರಾಪ್ ವಿಧಾನ ಬಳಸಿ. ಅಂಕಿಅಂಶವನ್ನು ಮತ್ತೆ ಮತ್ತೆ ಕಲೆಸಿ ಲೆಕ್ಕ ಹಾಕಿ, ಅಂಕ ಎಷ್ಟರಿಂದ ಎಷ್ಟರವರೆಗೆ ಇರಬಹುದು ಎಂದು ಅದು ಹೇಳುತ್ತದೆ, 2000 ಸುತ್ತು ಸಾಕು.

ಪರೀಕ್ಷೆಯಲ್ಲಿ ಸಿಕ್ಕಿಬೀಳದ ಒಂದು ಮೋಸ ಉಂಟು. 2012ರ ಒಂದು ಅಧ್ಯಯನದ ಪ್ರಕಾರ ಜಗತ್ತಿನ ಪ್ರಭೇದಗಳ ಮೇಲಿನ ಅಪಾಯಗಳಲ್ಲಿ ಶೇ 30ರಷ್ಟು ಅಂತರರಾಷ್ಟ್ರೀಯ ವ್ಯಾಪಾರದಿಂದ ಹುಟ್ಟುತ್ತವೆ. ತನ್ನ ಕಾಡು ಕಾದುಕೊಂಡು ಕಾಫಿ, ತಾಳೆ ಎಣ್ಣೆ, ಮರವನ್ನು ಬೇರೆ ಕಡೆಯಿಂದ ತರಿಸುವ ದೇಶ ಈ ಪಟ್ಟಿಯಲ್ಲಿ ಮೇಲೆ ಕೂರುತ್ತದೆ. ಬೆಂಗಳೂರಿನ ಕಟ್ಟಡದ ಜಲ್ಲಿಗೆ ಚಿಕ್ಕಬಳ್ಳಾಪುರದ ಬೆಟ್ಟ ಕರಗುವಾಗ ನಷ್ಟ ಯಾವ ಜಿಲ್ಲೆಯ ಖಾತೆಗೆ ಬೀಳುತ್ತದೆ ಎಂದು ಕೇಳಿಕೊಂಡರೆ ವಿಷಯ ಅರ್ಥವಾಗುತ್ತದೆ. ಆಮದಿನ ಹೊರೆಯನ್ನು ಹೂಡಿಕೆಯ ಬದಿಯ ಒಂದು ಕಂಬವಾಗಿ ಇಟ್ಟು ಎರಡನೆಯ ಸಲ ಓಡಿಸಿ, ಎರಡೂ ಫಲಿತಾಂಶ ಕೊಡಿ.

ಪ್ರಕಟಿಸುವಾಗ 1, 2, 3 ಎಂದು ಸ್ಥಾನ ಕೊಡಬೇಡಿ. ಬೂಟ್‌ಸ್ಟ್ರಾಪಿನ ಅಂತರಗಳು ಒಂದರ ಮೇಲೊಂದು ಬೀಳುವ ದೇಶಗಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿ, ಪ್ರತಿಯೊಂದರ ಎದುರು ಅದರ ಮಾದರಿ ದೇಶಗಳ ಹೆಸರು, ಅಂಕಿಅಂಶದ ವರ್ಷ, ಶೇಕಡಾ ಪಾಲು ಹಾಕಿದ ಬಗೆ ಬರೆಯಿರಿ. ಮೂಲ ಹಾಳೆಯನ್ನು ಸೂತ್ರಗಳ ಸಮೇತ ಹಂಚಿ, ಅಂಕಿಗಳನ್ನಷ್ಟೇ ಅಂಟಿಸಿದ ಹಾಳೆಯಿಂದ ಯಾರಿಗೂ ತಪ್ಪು ಹಿಡಿಯಲು ಆಗುವುದಿಲ್ಲ. ತಾಲೂಕಿನ ಲೆಕ್ಕವಾದರೆ ಒಂದು ಪ್ರತಿಯನ್ನು ಆಯಾ ಪಂಚಾಯಿತಿಯ ಜೀವವೈವಿಧ್ಯ ಸಮಿತಿಗೆ ಕೊಡಿ. ಊರಿನ ಜೀವಸಂಪತ್ತನ್ನು ಬರೆದಿಡುವ ಅವರ ಜನತಾ ಜೀವವೈವಿಧ್ಯ ದಾಖಲೆಯ ಜತೆ ಇಟ್ಟು ನೋಡಿದಾಗ, ಇಲ್ಲದ ಗುಂಡುತೋಪು ಇದೆ ಎಂದು ಎಲ್ಲಿ ಎಣಿಸಿದ್ದೀರಿ ಎಂಬುದು ಮೊದಲ ದಿನವೇ ಗೊತ್ತಾಗುತ್ತದೆ.